ಬೆಳಕು ಬಾಗುವ ಲೆಕ್ಕ

ಈ ಶಾಲೆಯಲ್ಲಿ ಹತ್ತನೇ ತರಗತಿ ಓದುವಾಗ ಮಾಡಿದ ಒಂದು ತಪ್ಪನ್ನು ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಅಂದು ವಕ್ರೀಭವನದ ಪ್ರಯೋಗವಿತ್ತು. ಬಿಳಿ ಹಾಳೆಯ ಮೇಲೆ ಗಾಜಿನ ಚಪ್ಪಡಿ ಇಟ್ಟು, ಗುಂಡುಸೂಜಿ ಚುಚ್ಚಿ, ಬೆಳಕಿನ ದಾರಿ ಗುರುತಿಸಿ ಕೋನ ಅಳೆಯಬೇಕು. ಪತನ ಕೋನ 30 ಡಿಗ್ರಿ ಇದ್ದಾಗ ವಕ್ರಿಮ ಕೋನ 20 ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ಮನೆಯಲ್ಲಿ ಕುಳಿತು ಅದೇ ಅನುಪಾತದಲ್ಲಿ ತುಂಬಿದೆ: 45ಕ್ಕೆ 30, 60ಕ್ಕೆ 40.

ಮರುದಿನ ರೆಕಾರ್ಡ್ ನೋಡಿದ ವಿಜ್ಞಾನದ ಮೇಷ್ಟ್ರು ಬೈಯಲಿಲ್ಲ. "ಆ 60ನ್ನು ನನ್ನೆದುರೇ ಅಳಿ" ಎಂದರು. ಅಳೆದೆ. ಬಂದದ್ದು 35! ನಾನು ತಲೆ ತಗ್ಗಿಸಿದೆ. "ನಿನಗಿಂತ ದೊಡ್ಡವರೂ ಇಲ್ಲೇ ಎಡವಿದ್ದಾರೆ ಕಣಯ್ಯಾ" ಎಂದು ನಕ್ಕರು. ಆ ದೊಡ್ಡವರು ಯಾರೆಂದು ನನಗೆ ತಿಳಿದದ್ದು ನಾನೂ ಮೇಷ್ಟ್ರಾದ ಮೇಲೆ.

ಪ್ರತಿಫಲನದ ನಿಯಮ ಸುಲಭ. ಬೆಳಕು ಕನ್ನಡಿಗೆ ಎಷ್ಟು ಕೋನದಲ್ಲಿ ಬೀಳುತ್ತದೋ ಅಷ್ಟೇ ಕೋನದಲ್ಲಿ ಹಿಂದಿರುಗುತ್ತದೆ. ಇದನ್ನು ಪ್ರಾಚೀನ ಗ್ರೀಕರು ಕ್ರಿಸ್ತಪೂರ್ವದಲ್ಲೇ ಅರಿತಿದ್ದರು. ವಕ್ರೀಭವನದ ನಿಯಮ ಮಾತ್ರ ಶತಮಾನಗಳ ಕಾಲ ಕೈಗೆ ಸಿಗಲಿಲ್ಲ.

ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ, ಗಾಳಿಯಿಂದ ನೀರಿಗೆ ಇಳಿಯುವ ಬೆಳಕಿನ ಕೋನಗಳ ಪಟ್ಟಿ ಮಾಡಿದ. 10 ಡಿಗ್ರಿಗೆ 8, 20ಕ್ಕೆ 15.5, 30ಕ್ಕೆ 22.5, ಹೀಗೆ 80ಕ್ಕೆ 50ರವರೆಗೆ. ಏರಿಕೆ ಗಮನಿಸಿ: 8, 7.5, 7, 6.5... ಪ್ರತಿ ಸಲವೂ ಸರಿಯಾಗಿ ಅರ್ಧ ಡಿಗ್ರಿ ಕಡಿಮೆ! ಕೈಯಿಂದ ಅಳೆದ ಅಂಕಿಗಳು ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಅವನು ಅಂಕಿಗಳನ್ನು ಲೆಕ್ಕಕ್ಕೆ ತಕ್ಕಂತೆ ತಿದ್ದಿದ್ದಾನೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. 80 ಡಿಗ್ರಿಗೆ ನಿಜವಾಗಿ ಬರಬೇಕಾದದ್ದು ಸುಮಾರು 47.6. ಆ ಎರಡೂವರೆ ಡಿಗ್ರಿಯ ವ್ಯತ್ಯಾಸದಲ್ಲೇ ನಿಜವಾದ ನಿಯಮದ ಸುಳಿವಿತ್ತು.

ಸುಮಾರು 984ರಲ್ಲಿ ಬಾಗ್ದಾದಿನ ಇಬ್ನ್ ಸಹ್ಲ್ ಮಸೂರಗಳ ಬಗ್ಗೆ ಬರೆಯುತ್ತಾ ಆ ನಿಯಮವನ್ನು ರೇಖಾಗಣಿತದಲ್ಲಿ ಬಳಸಿದ್ದ. ಆದರೆ ಯೂರೋಪಿಗೆ ಅದು ತಿಳಿಯಲಿಲ್ಲ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರನಿಗೂ ಇದು ದಕ್ಕಲಿಲ್ಲ. 1621ರಲ್ಲಿ ಹಾಲೆಂಡಿನ ಸ್ನೆಲ್ ಕಂಡುಕೊಂಡನಾದರೂ ಪ್ರಕಟಿಸಲಿಲ್ಲ. 1637ರಲ್ಲಿ ಡೆಕಾರ್ಟೆ ಪ್ರಕಟಿಸಿದ. ಗುಟ್ಟು ಇಷ್ಟೇ: ಸ್ಥಿರವಾಗಿರುವುದು ಕೋನಗಳ ಅನುಪಾತವಲ್ಲ, ಕೋನಗಳ ಸೈನ್‌ಗಳ ಅನುಪಾತ. ನನ್ನ 60 ಮತ್ತು 35 ಡಿಗ್ರಿಗಳ ಸೈನ್‌ಗಳನ್ನು ಭಾಗಿಸಿದರೆ ಸುಮಾರು 1.5 ಬರುತ್ತದೆ. ಅದೇ ಗಾಜಿನ ವಕ್ರೀಭವನ ಸೂಚ್ಯಂಕ. ಗಾಜಿನೊಳಗೆ ಬೆಳಕು ಅಷ್ಟು ಪಟ್ಟು ನಿಧಾನವಾಗುವುದೇ ಅದು ಬಾಗಲು ಕಾರಣ.

ನಾನು ಬರೆದಿದ್ದ 40ರಿಂದ ಈ ಸತ್ಯ ಎಂದೂ ಹೊರಡುತ್ತಿರಲಿಲ್ಲ. ಇಂದು ನನ್ನ ವಿದ್ಯಾರ್ಥಿಗಳ ರೆಕಾರ್ಡಿನಲ್ಲಿ 34 ಬಂದರೂ 36 ಬಂದರೂ ನಾನು ಸಹಿ ಹಾಕುತ್ತೇನೆ. ಎಲ್ಲ ಅಂಕಿಗಳೂ ತೀರಾ ಅಚ್ಚುಕಟ್ಟಾಗಿದ್ದರೆ ಮಾತ್ರ "ನನ್ನೆದುರೇ ಅಳಿ" ಎನ್ನುತ್ತೇನೆ. ಮಕ್ಕಳೇ, ಕಂಡದ್ದನ್ನೇ ಬರೆಯಿರಿ. ನಮ್ಮ ಮೇಷ್ಟ್ರು ಕಲಿಸಿದ ವಿಜ್ಞಾನದ ಮೊದಲ ಪಾಠ ಅದೇ.