ಐದು ನಿಮಿಷ ಮತ್ತು ಹೆದ್ದಾರಿ: ಕಾರವಾರ–ಅಂಕೋಲೆ ಭಾಗದ ಸಾಕುನಾಯಿಗಳ ಸೆಳೆತ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಮೂರು ವಾರದ ನಂತರ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಶಿರೂರಿನಲ್ಲಿ ಆದ ಜೀವಹಾನಿಯ ಎದುರು ಬೇರೆಲ್ಲ ಮಾತೂ ಸಣ್ಣದು. ಆದರೂ ಪ್ರಾಣಿಗಳ ಆರೋಗ್ಯವನ್ನು ಅಭ್ಯಾಸ ಮಾಡುವವರು ಆ ಮಳೆಗಾಲವನ್ನು ಇನ್ನೊಂದು ಕಾರಣಕ್ಕೂ ನೆನಪಿಡಬೇಕು. ನಾಯಿಗೆ ಬಂದ ಸೆಳೆತ ಐದು ನಿಮಿಷ ಮೀರಿತೆಂದರೆ ಅದು ತಾನಾಗಿ ನಿಲ್ಲುವ ಸಂಭವ ಕಡಿಮೆ. ಮೈಬಿಸಿ ಏರುತ್ತದೆ, ಮಿದುಳಿಗೆ ಹಾನಿಯಾಗುತ್ತದೆ. ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿ.ಮೀ.; ಹೆದ್ದಾರಿ ತೆರೆದಿರುವ ದಿನವೂ ಐದು ನಿಮಿಷದಲ್ಲಿ ಆ ದಾರಿ ಮುಗಿಯುವುದಿಲ್ಲ. ಹಾಗಾಗಿ ಈ ಭಾಗದಲ್ಲಿ ದೂರವನ್ನೂ ರೋಗದ ಒಂದು ಲಕ್ಷಣವೆಂದೇ ಎಣಿಸಬೇಕು, ಮೊದಲ ಚಿಕಿತ್ಸೆ ಮನೆಯ ಜಗಲಿಯ ಮೇಲೆಯೇ ನಡೆಯಬೇಕು ಎಂಬುದು ಈ ಲೇಖನದ ವಾದ.

ಜನ ‘ಫಿಟ್ಸ್’ ಎನ್ನುತ್ತಾರೆ, ‘ಮೂರ್ಛೆರೋಗ’ ಎನ್ನುತ್ತಾರೆ. ಆಯುರ್ವೇದದ ‘ಅಪಸ್ಮಾರ’ ಎಂಬ ಪದದಲ್ಲಿ ಸ್ಮೃತಿ ತಪ್ಪುವುದೆಂಬ ಅರ್ಥವಿದೆ, ಮತ್ತು ಅದು ಬಹಳ ಸರಿಯಾದ ಗಮನಿಕೆ: ಕಾಲು ಬಡಿಯುವ, ದವಡೆ ಕಚ್ಚುವ, ಮೂತ್ರ ಬಿಟ್ಟುಕೊಳ್ಳುವ ಆ ಹೊತ್ತಿನಲ್ಲಿ ನಾಯಿಗೆ ಮನೆಯವರ ಗುರುತು ಇರುವುದಿಲ್ಲ. ಕೈಗೆ ಕಬ್ಬಿಣ ಕೊಡುವ, ಈರುಳ್ಳಿ ಮೂಸಿಸುವ ರೂಢಿ ಮನುಷ್ಯರ ಮೂರ್ಛೆಯಿಂದ ನಾಯಿಗೂ ದಾಟಿ ಬಂದಿದೆ. ಇವುಗಳಿಂದ ಉಪಯೋಗವಿಲ್ಲ. ನಾಲಿಗೆ ನುಂಗಿಬಿಡುತ್ತದೆಂಬ ಭಯಕ್ಕೆ ಬಾಯೊಳಗೆ ಬೆರಳೋ ಚಮಚವೋ ತೂರಿಸುವುದಂತೂ ಅಪಾಯ. ನಾಯಿ ನಾಲಿಗೆ ನುಂಗುವುದಿಲ್ಲ, ಆದರೆ ಬೆರಳನ್ನು ಅರಿವಿಲ್ಲದೆ ಕಚ್ಚುತ್ತದೆ.

ಸೆಳೆತವೆಂಬುದು ಲಕ್ಷಣ, ಅದರ ಹಿಂದಿನ ಕಾರಣ ಬೇರೆ ಬೇರೆ. ಕರಾವಳಿಯ ಬದುಕಿಗೆ ಅಂಟಿಕೊಂಡ ಕೆಲವು ಕಾರಣಗಳಿವೆ. ಮೊದಲ ಮಳೆಗೆ ಅಂಗಳಕ್ಕೆ ಬರುವ, ಒರಟು ಚರ್ಮದ ನೆಲಗಪ್ಪೆಯ ಕಣ್ಣಿನ ಹಿಂದೆ ವಿಷದ ಗ್ರಂಥಿಗಳಿವೆ. ಅದನ್ನು ಕಚ್ಚಿದ ನಾಯಿ ನೊರೆ ಸುರಿಸುತ್ತದೆ. ವಿಷ ಹೆಚ್ಚು ಸೇರಿದರೆ ಹೃದಯದ ಬಡಿತ ತಪ್ಪಬಹುದು, ಸೆಳೆತ ಬರಬಹುದು. ನಾಯಿಗೆ ಎಚ್ಚರವಿದ್ದು ಕಚ್ಚುವ ಭಯವಿಲ್ಲದಿದ್ದಾಗ ಒದ್ದೆ ಬಟ್ಟೆಯಿಂದ ಒಸಡು ಒರೆಸಬೇಕು. ಗಂಟಲಿಗೆ ನೀರು ಹೊಯ್ಯಬಾರದು. ಎರಡನೆಯದು ಕಡಲು. ಕಾರವಾರದ ಠಾಗೋರ್ ಕಡಲತೀರದಲ್ಲೋ ಬೇಲೇಕೇರಿಯ ದಂಡೆಯಲ್ಲೋ ಚೆಂಡಿನ ಹಿಂದೆ ಓಡಿ ದಣಿದ ನಾಯಿ ಉಪ್ಪುನೀರನ್ನೇ ನೆಕ್ಕುತ್ತದೆ. ರಕ್ತದಲ್ಲಿ ಸೋಡಿಯಂ ಮಿತಿಮೀರಿದರೆ ವಾಂತಿ, ತೂರಾಟ, ಕಡೆಗೆ ಸೆಳೆತ. ತೀರಕ್ಕೆ ಹೋಗುವಾಗ ಒಂದು ಬಾಟಲಿ ಸಿಹಿನೀರು ಒಯ್ದರೆ ಇದು ತಪ್ಪುತ್ತದೆ. ಇಲಿಪಾಷಾಣ, ತೋಟಕ್ಕೆ ಹೊಡೆದ ಕೀಟನಾಶಕ, ಮರಿ ಹಾಕಿದ ತಾಯಿನಾಯಿಯ ಕ್ಯಾಲ್ಸಿಯಂ ಕೊರತೆ, ಹಸಿದ ಪುಟ್ಟ ಮರಿಯ ಸಕ್ಕರೆ ಇಳಿತ, ಲಸಿಕೆಯಿಲ್ಲದ ಮರಿಗೆ ತಗಲುವ ಡಿಸ್ಟೆಂಪರ್ ಕೂಡ ಇದೇ ಪಟ್ಟಿಗೆ ಸೇರುತ್ತವೆ.

ರೇಬೀಸ್ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಲಸಿಕೆಯ ದಾಖಲೆಯಿಲ್ಲದ ನಾಯಿಯ ವರ್ತನೆ ನಾಲ್ಕಾರು ದಿನಗಳಿಂದ ಬದಲಾಗಿದ್ದು, ದವಡೆ ಜೋತು ಜೊಲ್ಲು ಸುರಿಯುತ್ತಿದ್ದರೆ ಸೆಳೆತವನ್ನು ಅಪಸ್ಮಾರವೆಂದು ಭಾವಿಸಿ ಹತ್ತಿರ ಹೋಗಕೂಡದು. ಜೊಲ್ಲು ಗಾಯಕ್ಕೆ ತಾಗಿದ್ದರೆ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು.

ಈ ಯಾವ ಕಾರಣವೂ ಸಿಗದಿದ್ದಾಗ ಉಳಿಯುವುದು ಹುಟ್ಟಿನ ಒಲವಿನಿಂದ ಬರುವ ಅಪಸ್ಮಾರ. 2015ರಲ್ಲಿ ಅಂತಾರಾಷ್ಟ್ರೀಯ ಪಶು ಅಪಸ್ಮಾರ ಕಾರ್ಯಪಡೆ ಇದಕ್ಕೆ ಸ್ಪಷ್ಟ ಅಳತೆಗೋಲು ಕೊಟ್ಟಿತು: ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಸೆಳೆತ, ಮೊದಲನೆಯದು ಆರು ತಿಂಗಳಿಂದ ಆರು ವರ್ಷದೊಳಗೆ, ನಡುವಿನ ದಿನಗಳಲ್ಲಿ ನರಪರೀಕ್ಷೆ ಸಹಜ, ರಕ್ತ–ಮೂತ್ರದಲ್ಲಿ ಗಣನೀಯ ದೋಷವಿಲ್ಲ. ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಅಪಸ್ಮಾರವಿದ್ದ ನಾಯಿಗಳ ಪ್ರಮಾಣ ಶೇ. 0.62. ಈ ಅಳತೆಗೋಲಿನ ಮೊದಲ ಹಂತಕ್ಕೆ ಎಂಆರ್‌ಐ ಬೇಕಿಲ್ಲ ಎಂಬುದು ನಮಗೆ ಬಹಳ ಮುಖ್ಯ. ಉತ್ತರ ಕನ್ನಡದಲ್ಲಿ ಪಶುವೈದ್ಯಕೀಯ ಕಾಲೇಜಿಲ್ಲ. ಶಿವಮೊಗ್ಗಕ್ಕೆ ಹೋಗುವುದಾದರೂ ಬೆಂಗಳೂರಿನ ಹೆಬ್ಬಾಳಕ್ಕೆ ಹೋಗುವುದಾದರೂ ಘಟ್ಟ ಹತ್ತಲೇಬೇಕು. ಆದರೆ ರಕ್ತಪರೀಕ್ಷೆ, ವೈದ್ಯರ ಕೈಪರೀಕ್ಷೆ ಮತ್ತು ಮನೆಯವರ ಸಾಕ್ಷ್ಯ ಊರಲ್ಲೇ ಸಿಗುತ್ತವೆ. ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ ನನ್ನ ಮಟ್ಟಿಗೆ ಅತ್ಯಮೂಲ್ಯ ದಾಖಲೆ. ಹೃದಯದ ತೊಂದರೆಯಿಂದ ಕುಸಿದು ಬೀಳುವುದಕ್ಕೂ ಸೆಳೆತಕ್ಕೂ ಇರುವ ವ್ಯತ್ಯಾಸ ಬಾಯಿಮಾತಿನ ವರ್ಣನೆಯಲ್ಲಿ ತಿಳಿಯದು, ವಿಡಿಯೊದಲ್ಲಿ ತಿಳಿಯುತ್ತದೆ. ಜೊತೆಗೊಂದು ನೋಟುಪುಸ್ತಕ: ತಾರೀಖು, ಗಂಟೆ, ಎಷ್ಟು ಹೊತ್ತು, ಹಿಂದಿನ ದಿನ ತಿಂದದ್ದೇನು, ಮಾತ್ರೆ ತಪ್ಪಿತ್ತೇ.

ಆರು ತಿಂಗಳಲ್ಲಿ ಎರಡು ಸಲ ಬಂದರೆ, ಅಥವಾ ಒಂದೇ ದಿನ ಸಾಲಾಗಿ ಬಂದರೆ, ನಿತ್ಯದ ಔಷಧಿ ಶುರುವಾಗಬೇಕು. 1912ರಿಂದ ಅಪಸ್ಮಾರಕ್ಕೆ ಬಳಕೆಯಲ್ಲಿರುವ ಫೀನೋಬಾರ್ಬಿಟೋನ್ ಇಂದಿಗೂ ನಾಯಿಗಳ ಮೊದಲ ಆಸರೆ. ದಿನಕ್ಕೆರಡು ಸಲ, ಹನ್ನೆರಡು ಗಂಟೆ ಅಂತರದಲ್ಲಿ ಕೊಡಬೇಕು. ರಕ್ತದಲ್ಲಿ ಅದರ ಮಟ್ಟ ನೆಲೆಗೊಳ್ಳಲು ಸುಮಾರು ಎರಡು ವಾರ ಬೇಕು. ಹಸಿವು, ಬಾಯಾರಿಕೆ, ಮಂಪರು ಮೊದಲಿಗೆ ಹೆಚ್ಚುತ್ತವೆ. ಯಕೃತ್ತಿನ ಪರೀಕ್ಷೆ ಆಗಾಗ ಆಗಬೇಕು. ‘ಈಗ ಗುಣವಾಯಿತಲ್ಲ’ ಎಂದು ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಉಗ್ರವಾದ ಸೆಳೆತ ಬರಬಹುದು.

ಅದೊಂದೇ ಸಾಲದಾದಾಗ ಸೇರಿಸುವ ಪೊಟ್ಯಾಸಿಯಂ ಬ್ರೋಮೈಡ್ 1857ರಷ್ಟು ಹಳೆಯ ಮದ್ದು. ಇದರ ವಿಷಯದಲ್ಲಿ ನಮ್ಮ ಅಡುಗೆಮನೆ ನೇರವಾಗಿ ಕೈಹಾಕುತ್ತದೆ. ಮೂತ್ರಪಿಂಡಕ್ಕೆ ಬ್ರೋಮೈಡ್ ಮತ್ತು ಉಪ್ಪಿನ ಕ್ಲೋರೈಡ್ ಒಂದೇ ಬಗೆಯವು. ಊಟದಲ್ಲಿ ಉಪ್ಪು ಹೆಚ್ಚಿದಷ್ಟೂ ಬ್ರೋಮೈಡ್ ಬೇಗ ಹೊರಹೋಗಿ ಸೆಳೆತ ಮರಳುತ್ತದೆ. ಉಪ್ಪು ಒಮ್ಮೆಲೇ ನಿಂತರೆ ಬ್ರೋಮೈಡ್ ಒಳಗೇ ಉಳಿದು ನಾಯಿ ತೂರಾಡುತ್ತದೆ. ಮಳೆಗಾಲದಲ್ಲಿ ಆಳಕಡಲ ಮೀನುಗಾರಿಕೆ ನಿಂತು ಮನೆಯಲ್ಲಿ ತಾಜಾ ಬಂಗಡೆಯ ಬದಲು ಉಪ್ಪು ಹಾಕಿದ ಒಣಮೀನು ಬಂದಾಗ ನಾಯಿಯ ತಟ್ಟೆಯೂ ಬದಲಾಗುತ್ತದೆ. ಮಾತ್ರೆ ಅದೇ, ಪ್ರಮಾಣ ಅದೇ, ಆದರೂ ಸೆಳೆತ ಹೆಚ್ಚಾಯಿತೆಂದರೆ ವೈದ್ಯರು ಒಣಮೀನಿನ ಬಗ್ಗೆ ಕೇಳಬೇಕು. ಬ್ರೋಮೈಡ್ ಪಡೆಯುವ ನಾಯಿಗೆ ವರ್ಷವಿಡೀ ಒಂದೇ ಹದದ ಊಟವಿರಬೇಕು.

ಇನ್ನು ಆ ಐದು ನಿಮಿಷ. ಸೆಳೆತ ಶುರುವಾದ ಕ್ಷಣ ಮೊದಲು ನೋಡಬೇಕಾದದ್ದು ಗಡಿಯಾರ. ನಾಯಿಯನ್ನು ಹಿಡಿದು ಅದುಮದೆ, ಮೆಟ್ಟಿಲು ಬಾವಿಕಟ್ಟೆಗಳಿಂದ ದೂರವಿರಿಸಿ, ಮನೆಯ ಬೇರೆ ನಾಯಿಗಳನ್ನು ಹೊರಗೆ ಹಾಕಿ, ಫ್ಯಾನ್ ಹಚ್ಚಿ, ಸದ್ದು–ಬೆಳಕು ತಗ್ಗಿಸಬೇಕು. ಹೆಚ್ಚಿನವು ಎರಡು ನಿಮಿಷದೊಳಗೆ ನಿಲ್ಲುತ್ತವೆ. ನಿಲ್ಲದಿದ್ದರೆ? 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೂಗಿಗೆ ಸಿಂಪಡಿಸಿದ ಮಿಡಜೋಲಮ್ ಶೇ. 70 ನಾಯಿಗಳಲ್ಲಿ ಸೆಳೆತವನ್ನು ನಿಲ್ಲಿಸಿತು. ಗುದದ್ವಾರದಲ್ಲಿ ಕೊಟ್ಟ ಡಯಜೆಪಾಮ್ ಶೇ. 20ರಲ್ಲಿ ಮಾತ್ರ. ಮೂಗಿನ ಮಿಡಜೋಲಮ್ ನಮ್ಮಲ್ಲಿ ಮನುಷ್ಯರ ಔಷಧಿಯಾಗಿ ಚೀಟಿಯ ಮೇಲೆ ಸಿಗುತ್ತದೆ. ನಾಯಿಯ ತೂಕಕ್ಕೆ ತಕ್ಕ ಪ್ರಮಾಣವನ್ನು ಪಶುವೈದ್ಯರು ಮುಂಚೆಯೇ ಬರೆದುಕೊಟ್ಟು, ಕೊಡುವ ಕ್ರಮವನ್ನು ಮನೆಯವರ ಕೈಯಲ್ಲೇ ಮಾಡಿಸಿ ತೋರಿಸಬೇಕು. ಇದಕ್ಕೆ ಹಿಂಜರಿಯುವ ವೈದ್ಯರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಹೆದ್ದಾರಿ ಮುಚ್ಚುವ ತಾಲೂಕಿನಲ್ಲಿ ಆ ಆತಂಕದ ಬೆಲೆಯನ್ನು ತೆರುವುದು ನಾಯಿ.

ಎದ್ದ ಮೇಲೆ ನಾಯಿ ಕಣ್ಣು ಕಾಣದಂತೆ ಗೋಡೆಗೆ ಹಾಯುತ್ತದೆ, ಮನೆಯವರಿಗೇ ಗುರ್ ಎನ್ನುತ್ತದೆ, ಬಕಬಕ ತಿನ್ನಲು ನೋಡುತ್ತದೆ. ಆ ಹೊತ್ತು ಕಳೆಯುವವರೆಗೆ ಹೆಸರು ಹಿಡಿದು ಮೆಲ್ಲಗೆ ಮಾತಾಡಿಸುತ್ತ ಪಕ್ಕದಲ್ಲಿರುವುದೇ ಆರೈಕೆ.

ಕಾರವಾರ, ಅಂಕೋಲೆಗಳಲ್ಲಿ ಇಂಥ ನಾಯಿಯನ್ನು ಸಾಕುತ್ತಿರುವವರಲ್ಲಿ ಒಂದು ವಿನಂತಿ: ಮೇ ತಿಂಗಳು ಮುಗಿಯುವ ಮೊದಲು ವೈದ್ಯರನ್ನು ಕಂಡು ಒಂದೂವರೆ ತಿಂಗಳ ಮಾತ್ರೆ, ತುರ್ತಿನ ಮಿಡಜೋಲಮ್ ಮತ್ತು ಅದರ ಪ್ರಮಾಣ ಬರೆದ ಚೀಟಿಯನ್ನು ಮನೆಯಲ್ಲಿ ತಂದಿಟ್ಟುಕೊಳ್ಳಿ.