ಮೇಲಿನ ಸಾಲು ಪಾಸಾಗಿತ್ತು
ಔಷಧದ ಬಾಟಲಿಗಳನ್ನು ಹಬೆಯಲ್ಲಿ ಕಾಯಿಸಿ ಕ್ರಿಮಿಮುಕ್ತ ಮಾಡುವ ನಮ್ಮ ಆಟೋಕ್ಲೇವ್ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗರು ಕೇಳುವುದುಂಟು: ‘ಸರ್, ಬಾಟಲಿಗಳನ್ನ ಲ್ಯಾಬಲ್ಲಿ ಟೆಸ್ಟ್ ಮಾಡೇ ಮಾಡ್ತಾರಲ್ಲ, ಮತ್ತೆ ಈ ವ್ಯಾಲಿಡೇಷನ್ ಯಾಕೆ?’ ಅವರನ್ನು ಕೂರಿಸಿಕೊಂಡು ಡೆವನ್‌ಪೋರ್ಟಿನ ಕಥೆ ಹೇಳುತ್ತೇನೆ.

1971ರ ಏಪ್ರಿಲ್. ಇಂಗ್ಲೆಂಡಿನ ಲಿವರ್‌ಪೂಲ್ ಬಳಿ, ಸ್ಪೀಕ್‌ನಲ್ಲಿದ್ದ ಇವಾನ್ಸ್ ಮೆಡಿಕಲ್ ಕಾರ್ಖಾನೆಯಲ್ಲಿ 5% ಡೆಕ್ಸ್‌ಟ್ರೋಸ್ ತುಂಬಿದ ಬಾಟಲಿಗಳು ಆಟೋಕ್ಲೇವಿಗೆ ಹೋದವು. ಡೆಕ್ಸ್‌ಟ್ರೋಸ್ ಎಂದರೆ ನಾವು ಡ್ರಿಪ್ ಹಾಕಿಸಿಕೊಳ್ಳುವ ಗ್ಲೂಕೋಸೇ. ಹಬೆ ಒಳಗೆ ನುಗ್ಗುತ್ತಿದ್ದಂತೆ ಗಾಳಿ ತಳದಿಂದ ಹೊರಬೀಳಬೇಕು. ಬೀಳದಿದ್ದರೆ, ಹಬೆಗಿಂತ ಭಾರವಾದ ಅದು ತಳದಲ್ಲೇ ಕೂರುತ್ತದೆ. ಅದು ಕೂತಲ್ಲಿಗೆ ಹಬೆ ಇಳಿಯುವುದಿಲ್ಲ. ಅಂದು ಆದದ್ದು ಇದೇ. ಮೇಲಿನ ಬಾಟಲಿಗಳು ಕಾದವು, ಕೆಳಗಿನವು ಕಾಯಲಿಲ್ಲ. ತಾಪಮಾನ ಬರೆದಿಡುವ ಯಂತ್ರ ಅದನ್ನು ತೋರಿಸಿಯೂ ಇತ್ತು. ಯಂತ್ರವೇ ಕೆಟ್ಟಿರಬೇಕೆಂದುಕೊಂಡು ಕೆಲಸದವರು ಬೇರೆ ಮಾಪಕವನ್ನು ನಂಬಿದರು. ಸ್ಟೆರಿಲಿಟಿ ಪರೀಕ್ಷೆಗೆ ಹೋದದ್ದು ಮೇಲಿನ ಸಾಲಿನ ಬಾಟಲಿಗಳು. ಪಾಸಾದವು.

ಕೆಳಗಿನ ಬಾಟಲಿಗಳಲ್ಲಿ ಉಳಿದ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ನೀರೂ ಇತ್ತು, ಬೇಕಾದಷ್ಟು ಕಾಲವೂ ಸಿಕ್ಕಿತು. 1972ರ ಮಾರ್ಚ್‌ನಲ್ಲಿ ಪ್ಲಿಮತ್ ಜನರಲ್ ಆಸ್ಪತ್ರೆಯ ಡೆವನ್‌ಪೋರ್ಟ್ ವಿಭಾಗದಲ್ಲಿ ಆ ದ್ರವ ಏರಿಸಿಕೊಂಡ ಐವರು ತೀರಿಕೊಂಡರು. ತನಿಖೆ ನಡೆಸಿದ ಸೆಸಿಲ್ ಕ್ಲೋದಿಯರ್ ಸಮಿತಿ ಅದೇ ವರ್ಷದ ಜುಲೈನಲ್ಲಿ ವರದಿ ಕೊಟ್ಟಿತು. ದ್ರವಗಳನ್ನು ಕ್ರಿಮಿಮುಕ್ತ ಮಾಡುವುದು ಸಲೀಸು, ಹೆಚ್ಚು ಕಲಿಯದವರಿಗೂ ವಹಿಸಬಹುದು ಎಂಬ ಆಗಿನ ನಂಬಿಕೆಯನ್ನು ಅದು ಖಂಡಿಸಿತು. ಆ ಕೆಲಸಗಾರರ ಮೇಲೆ ನನಗೆ ಸಿಟ್ಟಿಲ್ಲ. ಪದೇ ಪದೇ ಕೈಕೊಡುವ ಮಾಪಕವನ್ನು ರಿಪೇರಿ ಮಾಡಿಸದೆ ಬಿಟ್ಟರೆ, ಅದು ನಿಜ ಹೇಳಿದ ದಿನ ಯಾರು ನಂಬುತ್ತಾರೆ?

ಪರೀಕ್ಷೆಗೆ ಬಾಟಲಿಗಳನ್ನು ಮೇಲಿನ ಸಾಲಿನ ಬದಲು ಎಲ್ಲ ಕಡೆಯಿಂದ ಆರಿಸಿದ್ದರೆ? ನೂರಕ್ಕೆ ಒಂದು ಬಾಟಲಿ ಕೆಟ್ಟಿರುವ ದೊಡ್ಡ ಬ್ಯಾಚಿನಿಂದ 20 ಬಾಟಲಿ ತೆಗೆದರೆ, ಇಪ್ಪತ್ತೂ ಒಳ್ಳೆಯವೇ ಆಗಿರುವ ಸಾಧ್ಯತೆ ಸುಮಾರು 82%. ಹುಡುಗರು ಕ್ಯಾಲ್ಕ್ಯುಲೇಟರ್ ತೆಗೆದು ತಾವೇ ಲೆಕ್ಕ ಹಾಕಲಿ ಎಂದು ಕಾಯುತ್ತೇನೆ.

ಅಮೆರಿಕದಲ್ಲೂ ಆ ಹೊತ್ತಿಗೆ ಡ್ರಿಪ್ ಬಾಟಲಿಗಳ ಮುಚ್ಚಳದಿಂದ ಸೋಂಕು ಹರಡಿ ಹಲವು ಆಸ್ಪತ್ರೆಗಳು ತತ್ತರಿಸಿದ್ದವು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅಧಿಕಾರಿಗಳಾದ ಟೆಡ್ ಬೈಯರ್ಸ್ ಮತ್ತು ಬಡ್ ಲಾಫ್ಟಸ್, ತಯಾರಾದ ಮಾಲನ್ನು ಪರೀಕ್ಷಿಸಿದರೆ ಸಾಲದು, ತಯಾರಿಸುವ ವಿಧಾನವೇ ಪ್ರತಿಸಲ ಸರಿಯಾಗಿ ನಡೆಯುತ್ತದೆಂದು ಮೊದಲೇ ಸಾಬೀತು ಮಾಡಬೇಕೆಂದು 70ರ ದಶಕದ ನಡುವಿನಲ್ಲಿ ಪಟ್ಟು ಹಿಡಿದರು. ಇದೇ ವ್ಯಾಲಿಡೇಷನ್. 1987ರಲ್ಲಿ ಅದಕ್ಕೆ ಎಫ್‌ಡಿಎ ಮಾರ್ಗಸೂಚಿ ಬಂತು. ಇಂದು ನಮ್ಮ ದೇಶದ ಔಷಧ ತಯಾರಿಕೆಯ ನಿಯಮವಾದ ಶೆಡ್ಯೂಲ್ ಎಂ ಕೂಡ ವ್ಯಾಲಿಡೇಷನ್ ಕೇಳುತ್ತದೆ.

ಹಾಗಾಗಿ ನಾವು ಲೋಡಿನ ಉದ್ದಗಲಕ್ಕೂ ತಾಪಮಾನ ಅಳೆಯುವ ಥರ್ಮೋಕಪಲ್ ಇಡುತ್ತೇವೆ. ಎಲ್ಲಕ್ಕಿಂತ ತಡವಾಗಿ ಕಾಯುವ ಜಾಗ ಹುಡುಕಿ, ಬಿಸಿಗೆ ಸುಲಭಕ್ಕೆ ಸಾಯದ ಜಿಯೋಬ್ಯಾಸಿಲಸ್ ಬೀಜಾಣುಗಳನ್ನು ಅಲ್ಲೇ ಇಟ್ಟು, 121 ಡಿಗ್ರಿಯಲ್ಲಿ ಸಾಯುತ್ತವೆಯೇ ಎಂದು ಮತ್ತೆ ಮತ್ತೆ ನೋಡುತ್ತೇವೆ. ಆಮೇಲೆ ದಿನದ ಕೆಲಸದಲ್ಲಿ ಚಾರ್ಟಿನ ಗೆರೆ ಏರದಿದ್ದರೆ, ಮಾಪಕವೇ ಕೆಟ್ಟಿದ್ದರೂ ಸರಿ, ಆ ಲೋಡ್ ನಮ್ಮಲ್ಲಿ ಹೊರಗೆ ಹೋಗುವುದಿಲ್ಲ.