ಡಕೋಟಾ ಪೈಲಟ್‌ಗಳ ತರಬೇತಿ: ಯುದ್ಧಕಾಲದಿಂದ ಈಚೆಗೆ

ಡಗ್ಲಸ್ ಕಂಪನಿಯ ಡಿಸಿ-3 ವಿಮಾನ ಮೊದಲ ಸಲ ಹಾರಿದ್ದು 1935ರ ಡಿಸೆಂಬರ್ 17ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಯುದ್ಧಕ್ಕೆಂದು ಸಜ್ಜಾದ ಅದರ ರೂಪವನ್ನು ಅಮೆರಿಕನ್ನರು ಸಿ-47 ಎಂದರು. ಬ್ರಿಟಿಷರಿಗೂ ಭಾರತೀಯರಿಗೂ ಅದು ಡಕೋಟಾ ಆಯಿತು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದಕ್ಕೆ 95 ಅಡಿ. ಹದಿನಾಲ್ಕು ಸಿಲಿಂಡರುಗಳ ಎರಡು ಎಂಜಿನ್, ಒಂದೊಂದಕ್ಕೆ 1,200 ಅಶ್ವಶಕ್ತಿ. ಎಲ್ಲ ಮಾದರಿಗಳೂ ಸೇರಿ ತಯಾರಾದವು 10,000ಕ್ಕೂ ಹೆಚ್ಚು. ಗಾಳಿಯಲ್ಲಿ ಇದು ಬಹಳ ಸಾಧು ವಿಮಾನ, ಪೈಲಟ್‌ನ ಸಣ್ಣಪುಟ್ಟ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನೆಲದ ಮೇಲೆ, ನೆಲಕ್ಕೆ ಹತ್ತಿರದಲ್ಲಿ ಮಾತ್ರ ಅದರ ಸ್ವಭಾವ ಬೇರೆ. ಡಕೋಟಾ ತರಬೇತಿಯ ಹೆಚ್ಚಿನ ಹೊತ್ತು ಕಳೆದದ್ದು ಆ ಕೆಲವೇ ನಿಮಿಷಗಳನ್ನು ಕಲಿಸುವುದರಲ್ಲಿ.

ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರು ಮಾಡಬೇಕಾಯಿತು. ಒಂಟಿ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಕಲಿತ ಹುಡುಗನನ್ನು ಒಂದೇ ಸಲಕ್ಕೆ ಡಕೋಟಾಕ್ಕೆ ಹತ್ತಿಸುವಂತಿರಲಿಲ್ಲ. ನಡುವೆ ಒಂದು ಮೆಟ್ಟಿಲಾಗಿ ಹಗುರವಾದ ಎರಡು ಎಂಜಿನ್ನಿನ ವಿಮಾನಗಳು ಬಂದವು: ಬ್ರಿಟಿಷ್ ಸಾಮ್ರಾಜ್ಯದ ಶಾಲೆಗಳಲ್ಲಿ ಏರ್‌ಸ್ಪೀಡ್ ಆಕ್ಸ್‌ಫರ್ಡ್ ಮತ್ತು ಆವ್ರೋ ಆನ್ಸನ್, ಅಮೆರಿಕದಲ್ಲಿ ಸೆಸ್ನಾ ಎಟಿ-17 ಮತ್ತು ಬೀಚ್ ಎಟಿ-10. ಮೋಡದೊಳಗೆ ಹೊರಗೇನೂ ಕಾಣದಿದ್ದಾಗ ಮಾಪಕಗಳನ್ನೇ ನಂಬಿ ಹಾರುವುದನ್ನು ನೆಲದಲ್ಲೇ ಕಲಿಸಲು ಲಿಂಕ್ ಟ್ರೈನರ್ ಇತ್ತು. ಇದನ್ನು ಕಟ್ಟಿದ ಎಡ್ವಿನ್ ಲಿಂಕ್, ಪಿಯಾನೊ ಮತ್ತು ಆರ್ಗನ್ ತಯಾರಿಸುವ ಮನೆತನದವನು. ಆರ್ಗನ್ನಿಗೆ ಗಾಳಿಯೂದುವ ತಿದಿಗಳನ್ನೇ ಬಳಸಿ, ಗೂಡಿನಂಥ ಒಂದು ಪೆಟ್ಟಿಗೆ ವಿಮಾನದಂತೆ ವಾಲುವ ಹಾಗೆ ಮಾಡಿದ.

ಭಾರತದಲ್ಲಿ ಡಕೋಟಾದ ಕಥೆ ಬೆಂಗಳೂರನ್ನು ಬಿಟ್ಟು ಸಾಗುವುದಿಲ್ಲ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಪೂರ್ವ ರಣರಂಗದಲ್ಲಿ ದುಡಿದು ಬಳಲಿದ ಸಿ-47ಗಳನ್ನು ಪೂರ್ತಿ ಬಿಚ್ಚಿ, ಜೋಡಿಸಿ ವಾಪಸು ಕಳಿಸುವ ಕೆಲಸ ಅಲ್ಲಿ ನಡೆಯಿತು. ಯುದ್ಧ ಮುಗಿದಾಗ ಉಳಿದುಬಿದ್ದ ವಿಮಾನಗಳನ್ನು ದುರಸ್ತಿ ಮಾಡಿ ವಾಯುಪಡೆಗೂ ಹೊಸ ವಿಮಾನ ಕಂಪನಿಗಳಿಗೂ ಒದಗಿಸಿದ್ದೂ ಇದೇ ಕಾರ್ಖಾನೆ. ವಾಯುಪಡೆಯ 12ನೇ ಸ್ಕ್ವಾಡ್ರನ್ 1946ರಲ್ಲಿ ಡಕೋಟಾಕ್ಕೆ ಬದಲಾಯಿತು. ಡೆಕ್ಕನ್ ಏರ್‌ವೇಸ್, ಹಿಮಾಲಯನ್ ಏವಿಯೇಷನ್, ಬಿಜು ಪಟ್ನಾಯಕ್ ಅವರ ಕಳಿಂಗ ಏರ್‌ಲೈನ್ಸ್ ಮುಂತಾದವು ಒಂದರ ಹಿಂದೊಂದು ತಲೆಯೆತ್ತಿದವು. ವಿಮಾನ ಅಗ್ಗಕ್ಕೆ ಸಿಕ್ಕಿತು, ಪೈಲಟ್ ಸಿಗುವುದೇ ಕಷ್ಟವಾಯಿತು. ಯುದ್ಧದಿಂದ ಮರಳಿದವರು ಕೆಲವರು. ಉಳಿದವರು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಟೈಗರ್ ಮಾತ್ ಹಾರಿಸಿ ಲೈಸೆನ್ಸ್ ಪಡೆದವರು. ಇವರು ಬಲಗಡೆಯ ಸೀಟಿನಲ್ಲಿ ಕೂತು, ಎಡಗಡೆಯ ಕ್ಯಾಪ್ಟನ್ ಮಾಡುವುದನ್ನು ನೋಡಿ, ಹೇಳಿದ್ದನ್ನು ಮಾಡಿ ಕೆಲಸ ಕಲಿತರು. ಡೆಕ್ಕನ್ ಏರ್‌ವೇಸ್ ಸೇರಿದ ಪ್ರೇಮ್ ಮಾಥುರ್ ಭಾರತದ ಮೊದಲ ವಾಣಿಜ್ಯ ಮಹಿಳಾ ಪೈಲಟ್ ಆದದ್ದು ಡಕೋಟಾದಲ್ಲೇ. 1948ರಲ್ಲಿ ಅಲಹಾಬಾದಿನ ಬಮ್ರೌಲಿಯಲ್ಲಿ ಸರ್ಕಾರಿ ತರಬೇತಿ ಕೇಂದ್ರ ತೆರೆದ ಮೇಲೆ ಈ ಕಲಿಕೆಗೆ ಒಂದು ಶಿಸ್ತು ಬಂತು.

ಪಾಠ ಶುರುವಾಗುತ್ತಿದ್ದುದು ವಿಮಾನ ಹತ್ತುವುದಕ್ಕೂ ಮೊದಲು. ನಕ್ಷತ್ರದಂತೆ ಸುತ್ತಲೂ ಸಿಲಿಂಡರುಗಳಿರುವ ಎಂಜಿನ್ ನಿಂತಲ್ಲೇ ನಿಂತರೆ ಎಣ್ಣೆ ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ಮಡುಗಟ್ಟುತ್ತದೆ. ಹಾಗೆಯೇ ಚಾಲೂ ಮಾಡಿದರೆ ಎಣ್ಣೆ ಕುಗ್ಗುವುದಿಲ್ಲ, ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕಾಗಿ ಪ್ರೊಪೆಲ್ಲರಿನ ಅಲಗುಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಬೇಕು. ಎಲ್ಲಾದರೂ ಬಿಗಿಯಾಗಿ ತಡೆದರೆ ಬಲ ಹಾಕಕೂಡದು, ಹಿಂದಕ್ಕೂ ತಿರುಗಿಸಕೂಡದು. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಇಳಿಸಬೇಕು. ಹಿಂದಕ್ಕೆ ತಿರುಗಿಸಿದರೆ ಎಣ್ಣೆ ಗಾಳಿ ಎಳೆದುಕೊಳ್ಳುವ ಕೊಳವೆಗೆ ಸರಿದು, ಎಂಜಿನ್ ಚಾಲೂ ಆದೊಡನೆ ಮತ್ತೆ ಒಳಕ್ಕೆ ಬರುತ್ತದೆ. ಆಮೇಲೆ ಶಕ್ತಿಯ ನಿಯಮ: ಹೆಚ್ಚಿಸುವಾಗ ಮೊದಲು ಪ್ರೊಪೆಲ್ಲರಿನ ವೇಗ, ನಂತರ ಎಂಜಿನ್ನಿನ ಬಲ ನಿಯಂತ್ರಿಸುವ ಥ್ರಾಟಲ್, ತಗ್ಗಿಸುವಾಗ ಮೊದಲು ಥ್ರಾಟಲ್, ನಂತರ ವೇಗ. ಈ ಕ್ರಮ ತಪ್ಪಿದರೆ ಸಿಲಿಂಡರುಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಚಕ್ರ ಮಡಚುವ ಹೈಡ್ರಾಲಿಕ್ ಸನ್ನೆ ಇರುವುದು ಬಲಗಡೆಯ ಪೈಲಟ್‌ನ ಸೀಟಿನ ಹಿಂದೆ. ಕ್ಯಾಪ್ಟನ್ ಆದೇಶ ಕೊಡಬೇಕು, ಜೊತೆಗಾರ ಎಳೆಯಬೇಕು. ಹೀಗೆ ಇಬ್ಬರೂ ಒಂದೇ ತಾಳಕ್ಕೆ ಕೆಲಸ ಮಾಡುವುದನ್ನು ಕಲಿಸುವುದೇ ಒಂದು ಅಧ್ಯಾಯ.

ನಿಜವಾದ ಪರೀಕ್ಷೆ ಬಾಲದ ಚಕ್ರದ್ದು. ಈಗಿನ ವಿಮಾನಗಳ ಮೂತಿಯ ಕೆಳಗಿರುವ ಚಕ್ರ ಡಕೋಟಾದಲ್ಲಿ ಬಾಲದ ಕೆಳಗಿದೆ; ನಿಂತಾಗ ಮೂತಿ ಮೇಲಕ್ಕೆ, ಒಳಗೆ ನಡೆದರೆ ಏರು ಹತ್ತಿದಂತೆ. ಭಾರದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಹಿಂದಿರುವುದರಿಂದ ವಿಮಾನ ಒಂದು ಪಕ್ಕಕ್ಕೆ ತುಸು ತಿರುಗಿದರೂ ಆ ತಿರುವು ತಾನಾಗಿಯೇ ಬೆಳೆಯುತ್ತದೆ. ಪೈಲಟ್ ತಡಮಾಡಿದರೆ ವಿಮಾನ ಗರಗರ ಸುತ್ತಿ ರೆಕ್ಕೆ ನೆಲಕ್ಕೆ ತಾಗಬಹುದು. ಎರಡೂ ಪ್ರೊಪೆಲ್ಲರುಗಳು ಒಂದೇ ದಿಕ್ಕಿಗೆ ತಿರುಗುವುದರಿಂದ ಹೊರಡುವಾಗ ಮೂತಿ ಎಡಕ್ಕೆ ಎಳೆಯುವುದು ಬೇರೆ. ಅದಕ್ಕೆ ಬಾಲದ ಚಕ್ರಕ್ಕೆ ಬೀಗ ಹಾಕಿ, ಎಡಗಡೆಯ ಥ್ರಾಟಲನ್ನು ತುಸು ಮುಂದಿಟ್ಟು, ಪಾದಗಳನ್ನು ಬಾಲದ ಚುಕ್ಕಾಣಿ ತಿರುಗಿಸುವ ರಡ್ಡರ್ ಪೆಡಲಿನ ಮೇಲೆ ಸದಾ ಆಡಿಸುತ್ತಲೇ ಇರಬೇಕು. ಇಳಿಯುವಾಗ ಮೊದಲು ಮುಂದಿನ ಎರಡು ಚಕ್ರ ತಾಗಬೇಕು, ಬಾಲ ಎತ್ತರದಲ್ಲೇ ನಿಂತು ವೇಗ ಇಳಿದಂತೆಲ್ಲ ನಿಧಾನವಾಗಿ ಕೆಳಗಿಳಿಯಬೇಕು. ಹೊಸಬ ತಾಗಿದೊಡನೆ ಗಾಬರಿಯಾಗಿ ಹಿಡಿಯನ್ನು ಹಿಂದಕ್ಕೆಳೆದರೆ ರೆಕ್ಕೆಗೆ ಮತ್ತೆ ಎತ್ತುವ ಬಲ ಬಂದು ವಿಮಾನ ಪುಟಿಯುತ್ತದೆ. ಈ ಪುಟಿತ ಬಿಡಿಸುವುದಕ್ಕೆ ಶಿಕ್ಷಕರಿಗೆ ಸಾಕುಸಾಕಾಗುತ್ತಿತ್ತು.

ಎರಡು ಎಂಜಿನ್ ಇದ್ದರೆ ಒಂದು ಕೆಟ್ಟರೂ ಭಯವಿಲ್ಲ ಎಂಬ ಭಾವನೆ ಸಾಮಾನ್ಯ. ತರಬೇತಿ ಇಲ್ಲದ ಪೈಲಟ್‌ನ ಕೈಯಲ್ಲಿ ಅದು ಅಪಾಯದ ಮಾತು. ಒಂದು ನಿಂತರೆ ಇನ್ನೊಂದರ ಬಲ ವಿಮಾನವನ್ನು ಓರೆಯಾಗಿ ತಿರುಗಿಸುತ್ತದೆ. ವೇಗ ಒಂದು ಮಿತಿಗಿಂತ ಕೆಳಗಿದ್ದರೆ ರಡ್ಡರಿನಿಂದ ಅದನ್ನು ತಡೆಯಲಾಗದು. ಯಾವ ಎಂಜಿನ್ ಸತ್ತಿತೆಂದು ತಿಳಿಯಲು ಶಿಕ್ಷಕರು ಕಲಿಸುವ ಸೂತ್ರ ಸರಳ: ನೇರ ಹಾರಲು ಒಂದು ಕಾಲು ಗಟ್ಟಿಯಾಗಿ ಒತ್ತುತ್ತಿರುತ್ತದೆ, ಇನ್ನೊಂದಕ್ಕೆ ಕೆಲಸವಿರುವುದಿಲ್ಲ, ಕೆಲಸವಿಲ್ಲದ ಕಾಲಿನ ಕಡೆಯ ಎಂಜಿನ್ನೇ ಸತ್ತಿರುವುದು. ಅದು ಸಾಲದು. ಆ ಕಡೆಯ ಥ್ರಾಟಲ್ ಹಿಂದೆಳೆದು ಏನೂ ಬದಲಾಗಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲಷ್ಟೇ ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ಅಂಚಾಗಿ ತಿರುಗಿಸುವ ಗುಂಡಿ ಒತ್ತಬೇಕು. ಅವಸರದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಎಂಜಿನ್ನನ್ನೇ ನಿಲ್ಲಿಸಿ ಪ್ರಾಣ ಕಳೆದುಕೊಂಡ ಪೈಲಟ್‌ಗಳು ವಿಮಾನಯಾನದ ಇತಿಹಾಸದುದ್ದಕ್ಕೂ ಇದ್ದಾರೆ. ಹಳೆಯ ಕಾಲದಲ್ಲಿ ಈ ಅಭ್ಯಾಸಕ್ಕೆಂದು ನೆಲದ ಸಮೀಪದಲ್ಲೇ ಎಂಜಿನ್ ನಿಲ್ಲಿಸುವ ಶಿಕ್ಷಕರಿದ್ದರು. ಅಭ್ಯಾಸವೇ ಅಪಘಾತವಾದದ್ದೂ ಉಂಟು. ಈಗ ಸಾಕಷ್ಟು ಎತ್ತರದಲ್ಲಿ, ಎಂಜಿನ್ ನಿಲ್ಲಿಸದೆ ಅದರ ಶಕ್ತಿ ತಗ್ಗಿಸಿ ಅಭ್ಯಾಸ ಮಾಡಿಸುವುದೇ ವಾಡಿಕೆ.

ಪಠ್ಯಕ್ರಮದಲ್ಲಿ ಇಲ್ಲದ್ದನ್ನು ಕಾಶ್ಮೀರದ ಯುದ್ಧ ಕಲಿಸಿತು. 1947ರ ಅಕ್ಟೋಬರ್ 27ರಂದು ಡಕೋಟಾಗಳು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದವು. 1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಅವರು ಜೊಜಿಲಾ ಕಣಿವೆದಾರಿಯನ್ನು ದಾಟಿ ಲೇಹ್‌ನಲ್ಲಿ ಡಕೋಟಾ ಇಳಿಸಿದಾಗ ಅವರ ಜೊತೆಯಲ್ಲಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಸಮುದ್ರಮಟ್ಟದಿಂದ ಸುಮಾರು 11,000 ಅಡಿ ಎತ್ತರದಲ್ಲಿ ಗಾಳಿ ತೆಳು. ಮಾಪಕ ಎಂದಿನ ವೇಗವನ್ನೇ ತೋರಿಸಿದರೂ ನೆಲದ ಮೇಲೆ ವಿಮಾನ ಓಡುವ ವೇಗ ಅದಕ್ಕಿಂತ ಆರರಲ್ಲೊಂದು ಪಾಲಿಗೂ ಮೀರಿ ಹೆಚ್ಚಿರುತ್ತದೆ. ಎಂಜಿನ್ನಿನ ಬಲವೂ ಕಡಿಮೆ, ವಿಮಾನ ಇಳಿಯುವ ಪಟ್ಟಿ ಮರಳಿನದು. ಇಂಥ ಇಳಿಯುವಿಕೆಯನ್ನು ಕಲಿಸಲು ಅದುವರೆಗೆ ಲೇಹ್‌ನಲ್ಲಿ ಮಾಡಿ ನೋಡಿದವರೇ ಇರಲಿಲ್ಲ.

1953ರಲ್ಲಿ ಖಾಸಗಿ ಕಂಪನಿಗಳು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನವಾದಾಗ ಅದರ ಬಹುಪಾಲು ವಿಮಾನಗಳು ಡಕೋಟಾಗಳೇ. ನಂತರ ಬಂದ ಫೋಕರ್ ಫ್ರೆಂಡ್‌ಶಿಪ್, ಆವ್ರೋ 748 ವಿಮಾನಗಳಿಗೆ ಮೂತಿಯಡಿಯಲ್ಲಿ ಚಕ್ರ, ಟರ್ಬೊಪ್ರಾಪ್ ಎಂಜಿನ್. ವಾಯುಪಡೆ ಡಕೋಟಾವನ್ನು 1980ರ ದಶಕದ ಕೊನೆಯವರೆಗೂ ಬಳಸಿತು. ಈಗ ಯಲಹಂಕದಲ್ಲಿ ಸಾರಿಗೆ ವಿಮಾನ ಹಾರಿಸಲು ಕಲಿಯುವವರಿಗೆ ಬಾಲದ ಚಕ್ರ ಓದಿ ತಿಳಿಯುವ ವಿಷಯ ಮಾತ್ರ.

ಹಳೆಯ ವಿಮಾನ ಉಳಿಸಿಕೊಂಡವರು ಆದ್ದರಿಂದ ಪೈಲಟ್‌ಗಳನ್ನೂ ಹೊಸದಾಗಿ ತಯಾರು ಮಾಡಬೇಕು. ಬ್ರಿಟನ್ನಿನ ಬ್ಯಾಟಲ್ ಆಫ್ ಬ್ರಿಟನ್ ಸ್ಮಾರಕ ಪಡೆ ಇದಕ್ಕೊಂದು ಏಣಿ ಕಟ್ಟಿಕೊಂಡಿದೆ: ಲ್ಯಾಂಕಾಸ್ಟರ್ ಬಾಂಬರ್ ಹಾರಿಸಬೇಕಾದವರು ಮೊದಲು ಸಣ್ಣ ಚಿಪ್‌ಮಂಕ್‌ನಲ್ಲಿ ಬಾಲದ ಚಕ್ರಕ್ಕೆ ಕಾಲು ಪಳಗಿಸಿ, ಆಮೇಲೆ ಡಕೋಟಾದಲ್ಲಿ ಕೈ ಪಳಗಿಸುತ್ತಾರೆ. ನಾಲ್ಕು ಎಂಜಿನ್ನಿನ ಒಂದೇ ಒಂದು ಲ್ಯಾಂಕಾಸ್ಟರನ್ನು ಕಲಿಕೆಗೆಂದು ಸವೆಸುವ ಹಾಗಿಲ್ಲ. ಭಾರತದಲ್ಲಿ ರಾಜಕಾರಣಿ ರಾಜೀವ್ ಚಂದ್ರಶೇಖರ್ ಅವರು ಕೊಡುಗೆಯಾಗಿ ನೀಡಿದ ಡಕೋಟಾ ಬ್ರಿಟನ್ನಿನ ಕವೆಂಟ್ರಿಯಿಂದ ಹಲವು ನಿಲ್ದಾಣಗಳನ್ನು ದಾಟಿ ಜಾಮ್‌ನಗರಕ್ಕೆ ಹಾರಿ ಬಂತು. 2018ರ ಮೇ 4ರಂದು ಹಿಂಡನ್‌ನಲ್ಲಿ 'ಪರಶುರಾಮ' ಎಂಬ ಹೆಸರಿನಲ್ಲಿ ವಾಯುಪಡೆ ಸೇರಿತು. ರಾಜೀವ್ ಅವರ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಇಂಥ ವಿಮಾನದಲ್ಲಿ ಒಂದು ಗಂಟೆಯ ಹಾರಾಟಕ್ಕೆ ಸುಮಾರು 350 ಲೀಟರ್ ವಿಮಾನ ಪೆಟ್ರೋಲ್ ಬೇಕು, ಜೆಟ್ ಯುಗದಲ್ಲಿ ಅದು ಎಲ್ಲ ನಿಲ್ದಾಣಗಳಲ್ಲಿ ಸಿಗುವುದೂ ಇಲ್ಲ. ಇಳಿದು ಏರುವ ಅಭ್ಯಾಸದ ಸುತ್ತುಗಳನ್ನು ಅಳೆದು ತೂಗಿ ಹಾಕಿಕೊಂಡು, ಉಳಿದ ಹೊತ್ತನ್ನು ನಿಂತ ವಿಮಾನದ ಕಾಕ್‌ಪಿಟ್‌ನಲ್ಲಿ ಕೂತು ಸನ್ನೆ, ಗುಂಡಿಗಳ ಕ್ರಮವನ್ನು ಬಾಯಿಪಾಠ ಮಾಡುವುದಕ್ಕೆ ಕೊಡಬೇಕಾಗುತ್ತದೆ.